ಅಟ್ಲಾಂಟಾದ ಸಣ್ಣ ಸೋಲ್ ಫುಡ್ (ಕಪ್ಪು ಅಮೆರಿಕನ್ನರ ಸಾಂಪ್ರದಾಯಿಕ ಅಡುಗೆ) ಹೋಟೆಲಿಗೆ ಸಹೋದ್ಯೋಗಿ ಊಟಕ್ಕೆ ಕರೆದಿದ್ದಾರೆ. ಮೆನುವಿನಲ್ಲಿ ‘ವೆಜಿಟೇಬಲ್ ಪ್ಲೇಟ್’ ಇದೆ. ಸಸ್ಯಾಹಾರಿಗಳಾದ ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

‘ವೆಜಿಟೇಬಲ್ ಪ್ಲೇಟ್ ಇದೆಯಲ್ಲ, ತೊಂದರೆ ಇಲ್ಲ ಅನ್ಸುತ್ತೆ’ ಅಂತ ಬರೆದಿದ್ದೀರಿ. 2016ರ ಜೂನ್ ತಿಂಗಳ ಒಂದು ಭಾನುವಾರ ನಾನೂ ಅಮ್ಮನಿಗೆ ಇದೇ ಮಾತು ಹೇಳಿ ಕಾರು ಹತ್ತಿಸಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ.

ಅಮ್ಮ ತಿಪಟೂರು ಕಡೆಯವರು. ಕೊರಳಲ್ಲಿ ಲಿಂಗ, ಬೆಳಗ್ಗೆ ಪೂಜೆ ಆಗದೆ ಕಾಫಿ ಕೂಡ ಇಲ್ಲ. ಮೊಟ್ಟೆ ವಿಷಯದಲ್ಲಿ ಮಾತ್ರ ಅಮೆರಿಕಕ್ಕೆ ಬಂದಮೇಲೆ ಒಂಚೂರು ಕಣ್ಣು ಮುಚ್ಚಿಕೊಂಡಿದ್ದರು; ಬ್ರೆಡ್ಡು ಬಿಸ್ಕತ್ತಿನಲ್ಲಿ ಏನಿದೆ ಅಂತ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಮೂರು ತಿಂಗಳಿಗೆ ಅಂತ ಬಂದು ಮೂರು ವಾರ ಕಳೆದಿತ್ತು. ನಾವಿದ್ದದ್ದು ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾದಲ್ಲಿ. ಎಡಕ್ಕೆ ದೋಸೆ ಹೋಟೆಲು, ಬಲಕ್ಕೆ ಇಂಡಿಯನ್ ದಿನಸಿ ಅಂಗಡಿ, ವಾಕಿಂಗ್ ಹೋದರೆ ಎದುರು ಸಿಗೋರೆಲ್ಲ ನಮ್ಮವರೇ. ‘ಇದನ್ನ ನೋಡೋಕೆ ಇಪ್ಪತ್ತು ಗಂಟೆ ಕೂತ್ಕೊಂಡು ಬರ್ಬೇಕಿತ್ತೇನೋ’ ಅಂದರು ಅಮ್ಮ. ಚುಚ್ಚಿತು. ಆಫೀಸಿನಲ್ಲಿ ಒಬ್ಬರಿಗೆ ಹೇಳಿಕೊಂಡೆ. ಅಲಬಾಮಾದಲ್ಲಿ ಹುಟ್ಟಿ ಬೆಳೆದ ಕಪ್ಪು ಅಮೆರಿಕನ್ ಅವರು. ನಕ್ಕು, ‘ಭಾನುವಾರ ಚರ್ಚ್ ಬಿಟ್ಟಮೇಲೆ ಇಲ್ಲಿಗೆ ಕರೆದುಕೊಂಡು ಹೋಗು’ ಅಂತ ಒಂದು ವಿಳಾಸ ಬರೆದುಕೊಟ್ಟರು.

ಅಟ್ಲಾಂಟಾದ ವೆಸ್ಟ್ ಎಂಡ್ ಕಡೆ ಒಂದು ತಗ್ಗು ಕಟ್ಟಡ. ಎಂಟೇ ಮೇಜು. ಒಳಗೆ ಪಾತ್ರೆ ಮುಂದೆ ಎಪ್ಪತ್ತರ ಆಸುಪಾಸಿನ ಅಜ್ಜಿ, ಕೌಂಟರಿನಲ್ಲಿ ಮಗಳು, ಮೇಜು ಒರೆಸೋಕೆ ಮೊಮ್ಮಗ. ಗೋಡೆಯ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಫೋಟೋ. ಆ ಫೋಟೋ ಅಲಂಕಾರಕ್ಕೆ ಹಾಕಿದ್ದಲ್ಲ. ಅಟ್ಲಾಂಟಾದ ಆ ಭಾಗದಲ್ಲೇ 1947ರಲ್ಲಿ ‘ಪ್ಯಾಸ್ಕಲ್ಸ್’ ಮತ್ತು ‘ಬಿಜಿ ಬೀ’ ಅನ್ನೋ ಸೋಲ್ ಫುಡ್ ಹೋಟೆಲುಗಳು ಶುರುವಾದದ್ದು. ನಾಗರಿಕ ಹಕ್ಕುಗಳ ಚಳವಳಿಯ ಎಷ್ಟೋ ಸಭೆ ಪ್ಯಾಸ್ಕಲ್ಸ್‌ನಲ್ಲಿ ಕೋಳಿ ತಿನ್ನುತ್ತಲೇ ನಡೆದಿವೆ, ಜೈಲಿನಿಂದ ಬಿಡುಗಡೆಯಾಗಿ ಬಂದ ಹುಡುಗರಿಗೆ ಅಲ್ಲಿ ಪುಕ್ಕಟೆ ಊಟ. ಪಕ್ಕದ ರಾಜ್ಯದ ಮಾಂಟ್ಗೊಮರಿಯಲ್ಲಿ 1955-56ರಲ್ಲಿ ಕಪ್ಪು ಜನ ನಡೆಸಿದ ಬಸ್ ಬಹಿಷ್ಕಾರಕ್ಕೆ ಜಾರ್ಜಿಯಾ ಗಿಲ್ಮೋರ್ ಅನ್ನೋ ಹೆಂಗಸು ಅಡುಗೆ ಮಾಡಿ ಮಾರಿ ದುಡ್ಡು ಎತ್ತಿದ್ದಳು. ಆ ಜನ ಈ ಊಟಕ್ಕೆ ‘ಸೋಲ್’ ಅಂತ ‘ಆತ್ಮ’ದ ಹೆಸರಿಟ್ಟದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಆಮೇಲೆ. ಆವತ್ತು ನನ್ನ ಕಣ್ಣಿಗೆ ಬಿದ್ದದ್ದು ಬೋರ್ಡಿನ ಕೊನೆಯ ಸಾಲು ಮಾತ್ರ: ವೆಜಿಟೇಬಲ್ ಪ್ಲೇಟ್, ನಾಲ್ಕು ಪದಾರ್ಥ, ಜೊತೆಗೆ ಕಾರ್ನ್ ಬ್ರೆಡ್, ಅಂದರೆ ಮೆಕ್ಕೆಜೋಳದ ಬ್ರೆಡ್ಡು.

ಕೇಳದೆ ತಗೊಂಡೆ ಅಂದುಕೊಳ್ಳಬೇಡಿ. ಕೇಳಿದೆ. ‘ಇದರಲ್ಲಿ ಮೀಟ್ ಇಲ್ಲ ತಾನೆ?’ ಅಂತ ಸ್ಪಷ್ಟವಾಗಿ ಕೇಳಿದೆ. ಕೌಂಟರಿನ ಮಗಳು, ‘ಇಲ್ಲ ಬೇಬಿ, ಬರೀ ವೆಜಿಟೇಬಲ್ಸ್’ ಅಂದಳು. ನಾನು ಅಮ್ಮನ ಕಡೆ ತಿರುಗಿ, ‘ಕೇಳಿದೀನಮ್ಮ, ಏನೂ ಇಲ್ವಂತೆ’ ಅಂದೆ.

ಕೊಲಾರ್ಡ್ ಗ್ರೀನ್ಸ್, ಬ್ಲ್ಯಾಕ್ ಐಡ್ ಪೀಸ್, ಸಕ್ಕರೆ ಪಾಕದ ಸಿಹಿಗೆಣಸು, ಮ್ಯಾಕ್ ಅಂಡ್ ಚೀಸ್ ಅನ್ನೋ ಚೀಸ್ ಹಾಕಿದ ಮ್ಯಾಕರೋನಿ. (ಹೌದು, ಅಮೆರಿಕದ ದಕ್ಷಿಣದಲ್ಲಿ ಮ್ಯಾಕ್ ಅಂಡ್ ಚೀಸ್ ಕೂಡ ‘ವೆಜಿಟೇಬಲ್’. ಇಷ್ಟರಿಂದಲೇ ನನಗೆ ಹೊಳೆಯಬೇಕಿತ್ತು, ಆ ಪದಕ್ಕೆ ಅಲ್ಲಿ ಬೇರೆ ಅರ್ಥ ಅಂತ.) ಅಮ್ಮ ಮೊದಲು ಕಾಳು ನೋಡಿ, ‘ಅಯ್ಯೋ ಇದು ಅಲಸಂದೆ ಕಣೋ’ ಅಂದರು. ಅಲಸಂದೆಯೇ. ಅದರ ತವರು ಆಫ್ರಿಕಾ, ನಮ್ಮ ರಾಗಿಯದೂ ಅಷ್ಟೇ. ಒಂದು ದಾರಿಯಲ್ಲಿ ಸಾವಿರಾರು ವರ್ಷದ ಹಿಂದೆ ನಮ್ಮೂರಿಗೆ ಬಂತು, ಇನ್ನೊಂದು ದಾರಿಯಲ್ಲಿ ಗುಲಾಮರ ಹಡಗಿನ ಜೊತೆ ಇಲ್ಲಿಗೆ. ಆಮೇಲೆ ಸೊಪ್ಪು. ಎಲೆಕೋಸಿನ ಜಾತಿಯದೇ, ಗಡ್ಡೆ ಕಟ್ಟಲ್ಲ, ದಪ್ಪ ಎಲೆ. ಗಂಟೆಗಟ್ಟಲೆ ಬೆಂದು ಮೆತ್ತಗಾಗಿ ತನ್ನದೇ ರಸದಲ್ಲಿ ಮುಳುಗಿತ್ತು. ಆ ರಸಕ್ಕೆ ಅವರು ‘ಪಾಟ್ ಲಿಕ್ಕರ್’ ಅಂತಾರೆ, ಹೆಸರು ಕೇಳಿ ಗಾಬರಿ ಆಗಬೇಡಿ, ಹೆಂಡ ಅಲ್ಲ. ಅಮ್ಮ ಕಾರ್ನ್ ಬ್ರೆಡ್ ಮುರಿದು ಅದರಲ್ಲಿ ಅದ್ದಿದರು, ಮುದ್ದೆ ಅದ್ದೋ ಹಾಗೇ. ಬಾಯಿಗಿಟ್ಟು ಒಂದು ಕ್ಷಣ ಸುಮ್ಮನಾದರು. ‘ಬಸ್ಸಾರು’ ಅಂದರು. ‘ನಮ್ಮಮ್ಮ ಸೌದೆ ಒಲೆ ಮೇಲೆ ಮಾಡ್ತಿದ್ದ ಬಸ್ಸಾರು. ಅದೇ ಹೊಗೆ ವಾಸನೆ.’

ಆ ಹೊಗೆ ವಾಸನೆ ಎಲ್ಲಿಂದ ಬಂತು ಅಂತ ನಾನು ಆಗಲಾದರೂ ಯೋಚಿಸಲಿಲ್ಲ. ಅಲ್ಲಿ ಇದ್ದದ್ದು ಗ್ಯಾಸ್ ಒಲೆ.

ಎರಡನೇ ಬಟ್ಟಲೂ ಖಾಲಿಯಾಯಿತು. ಅಮ್ಮ ಬಟ್ಟಲು ಹಿಡಿದು ನೇರ ಅಡುಗೆಮನೆ ಕಿಂಡಿಗೆ ಹೋದರು. ಇಂಗ್ಲಿಷ್ ಬರಲ್ಲ, ಬೇಕೂ ಇರಲಿಲ್ಲ. ಬಟ್ಟಲು ತೋರಿಸಿದರು, ಎದೆ ಮುಟ್ಟಿಕೊಂಡರು, ಕೈ ತಿರುಗಿಸಿ ‘ಹೆಂಗೆ?’ ಅಂದರು. ಅಜ್ಜಿಯ ಮುಖ ಅರಳಿತು. ‘ಬಾ ಬಾ’ ಅಂತ ಒಳಗೇ ಕರೆದು, ಸೊಂಟದೆತ್ತರದ ಪಾತ್ರೆಯ ಮುಚ್ಚಳ ತೆಗೆದು, ಉದ್ದದ ಫೋರ್ಕ್ ಇಳಿಸಿ ತಳದಲ್ಲಿ ಹುಡುಕಿ, ಗುಟ್ಟನ್ನೇ ಎತ್ತಿ ತೋರಿಸಿದರು. ಮುಷ್ಟಿ ಗಾತ್ರದ ಮೂಳೆ. ಅದಕ್ಕೆ ಜೋತುಬಿದ್ದ ಕಂದು ಚರ್ಮ. ಚರ್ಮದ ತುದಿಯಿಂದ ಹಸಿರು ರಸ ತೊಟ್ಟಿಕ್ಕುತ್ತಿತ್ತು. ಹ್ಯಾಮ್ ಹಾಕ್: ಹಂದಿಯ ಕಾಲಿನ ಗೆಣ್ಣು, ಉಪ್ಪು ಹಾಕಿ ಹೊಗೆ ಹಾಕಿದ್ದು.

ಅಮ್ಮ ಕಿರುಚಲಿಲ್ಲ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೊರಗೆ ಬಂದರು. ಕಾರಿನಲ್ಲಿ ಹೈವೇ 400 ಹತ್ತುವ ತನಕ ಮಾತಿಲ್ಲ, ಸೆರಗಿನೊಳಗೆ ಲಿಂಗ ಹಿಡಿದುಕೊಂಡೇ ಕೂತಿದ್ದರು. ಆಮೇಲೆ, ‘ಆ ಯಮ್ಮ ಪಾಪ ಎಷ್ಟು ಖುಷಿಯಾಗಿ ತೋರಿಸಿದ್ಲು. ನಾನು ಮುಖ ಗಂಟು ಹಾಕ್ಕೊಂಡ್ನಾ?’ ಅಂದರು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರು. ರಾತ್ರಿ ಬರೀ ಹಾಲು.

ನನಗೆ ಮೈಯೆಲ್ಲ ಉರಿ. ಫೋನ್ ತೆಗೆದು ಒಂದು ಸ್ಟಾರ್ ಒತ್ತಿ, ‘ಸುಳ್ಳು ಹೇಳಿ ಹಂದಿ ತಿನ್ನಿಸಿದರು’ ಅಂತ ಟೈಪ್ ಮಾಡಿದ್ದೆ. ಹೆಂಡತಿ ಫೋನ್ ಕಿತ್ತುಕೊಂಡಳು. ‘ನೀನು ಕೇಳಿದ್ದೇನು, ಅದನ್ನ ಹೇಳು ಮೊದಲು.’

ಮೀಟ್ ಇದೆಯಾ ಅಂತ ಕೇಳಿದ್ದೆ. ನನ್ನ ತಪ್ಪು ಇಡಿಯಾಗಿ ಇರೋದು ಈ ಪ್ರಶ್ನೆಯಲ್ಲೇ. ಅಲ್ಲಿ ‘ಮೀಟ್’ ಅಂದರೆ ತಟ್ಟೆಯ ಮಧ್ಯೆ ಬಂದು ಕೂರುವ ತುಂಡು: ಕೋಳಿ, ಚಾಪ್, ಕ್ಯಾಟ್‌ಫಿಶ್. ಪಾತ್ರೆಯ ತಳದಲ್ಲಿ ಬೇಯುವ ಮೂಳೆ ಅವರ ಲೆಕ್ಕದಲ್ಲಿ ‘ಸೀಸನಿಂಗ್’. ಗುಲಾಮಗಿರಿಯ ಕಾಲದಲ್ಲಿ ಧಣಿ ಕೊಡುತ್ತಿದ್ದ ಪಡಿ ಒಂದಿಷ್ಟು ಮೆಕ್ಕೆಜೋಳದ ಹಿಟ್ಟು, ಒಂದಿಷ್ಟು ಉಪ್ಪು ಹಾಕಿದ ಹಂದಿ ಮಾಂಸ. ಅದರಲ್ಲಿ ಮನೆಮಂದಿಗೆಲ್ಲ ಆಗಬೇಕು. ಒಂದು ಮೂಳೆ ಹಾಕಿ ಇಡೀ ಪಾತ್ರೆ ಸೊಪ್ಪಿಗೆ ರುಚಿ ಏರಿಸುವುದು ಅಲ್ಲಿಂದ ಬಂದದ್ದು. ತಿನ್ನೋದು ಸೊಪ್ಪನ್ನ, ಮೂಳೆ ಬರೀ ವಾಸನೆಗೆ. ನಾವೇನು ಕಡಿಮೆಯಾ? ಯಾರಾದರೂ ‘ನಿಮ್ಮ ತಿಳಿಸಾರಿನಲ್ಲಿ ಏನೇನಿದೆ’ ಅಂತ ಕೇಳಿದರೆ ಬೇಳೆ, ಟೊಮೇಟೊ, ಪುಡಿ ಅಂತೀವಿ. ಸಾಸಿವೆ, ಇಂಗು ಅಂತ ಯಾರು ಹೇಳ್ತಾರೆ? ಅದು ಒಗ್ಗರಣೆ! ಅವರ ಒಗ್ಗರಣೆಯಲ್ಲಿ ಹಂದಿ ಇತ್ತು, ನಾನು ಒಗ್ಗರಣೆ ಬಗ್ಗೆ ಕೇಳಲೇ ಇಲ್ಲ. ಕೌಂಟರಿನ ಮಗಳು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಉತ್ತರ ತಿಳಿಯೋಕೆ ಕೇಳಿದ್ದೂ ಅಲ್ಲ. ‘ಇಲ್ಲ’ ಅನ್ನಿಸಿಕೊಂಡು ಕೂತುಬಿಡೋಣ ಅಂತ ಕೇಳಿದ್ದು. ‘ಇಲ್ಲ ತಾನೆ?’ ಅಂತ ಕೇಳಿದರೆ ಯಾರಾದರೂ ಇನ್ನೇನು ಹೇಳ್ತಾರೆ ಸ್ವಾಮಿ?

ಆ ಸ್ಟಾರ್ ಹಾಕಲಿಲ್ಲ. ಆದರೆ ಉಳಿದ ಒಂಬತ್ತು ವಾರ ಅಮ್ಮ ಹೊರಗಿನದು ಒಂದು ತುತ್ತು ಮುಟ್ಟಲಿಲ್ಲ. ನಯಾಗರಾಕ್ಕೆ ಚಪಾತಿ, ಚಟ್ನಿಪುಡಿ ಡಬ್ಬಿ. ನಮ್ಮವರದೇ ದೋಸೆ ಹೋಟೆಲಿನಲ್ಲೂ ನೀರು ಕುಡಿದು ಕೂತರು. ‘ಇದು ನಮ್ಮವರದೇ ಅಮ್ಮ, ನಾನು ಕೇಳಿದೀನಿ’ ಅಂದೆ. ‘ಅವತ್ತೂ ಕೇಳಿದೀನಿ ಅಂದಿದ್ದೆ’ ಅಂದರು. ಅವರ ನಂಬಿಕೆ ಹೋದದ್ದು ಹೋಟೆಲಿನ ಮೇಲಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ: ಅಪ್ಪ-ಅಮ್ಮನನ್ನು ಈ ಸಲ ಕರೆದುಕೊಂಡು ಹೋಗಬೇಡಿ. ನೀವು ಹೋಗಿ. ತಪ್ಪಿಸಿಕೊಳ್ಳೋಕೆ ತಲೆನೋವು ಅಂತೆಲ್ಲ ನೆಪ ಬೇಡ, ತಮ್ಮ ಮನೆಯ ಊಟಕ್ಕೆ ಸಮ ಅಂತಲೇ ನಿಮ್ಮ ಸಹೋದ್ಯೋಗಿ ಕರೆದಿರುವುದು. ಮತ್ತೆ, ‘ನನಗೊಂದು ವೆಜ್ ಮಾಡಿಕೊಡ್ತೀರಾ’ ಅಂತ ಕೇಳೋದು ಶುದ್ಧ ಅಧಿಕಪ್ರಸಂಗ. ಅಲ್ಲಿ ಆರ್ಡರ್ ಕೊಟ್ಟಮೇಲೆ ಮಾಡುವ ಪದ್ಧತಿ ಬಹುತೇಕ ಇಲ್ಲ, ಕೋಳಿ-ಮೀನು ಕರಿಯುವುದು ಬಿಟ್ಟರೆ ಎಲ್ಲ ಬೆಳಗಿನ ಜಾವ ಒಲೆ ಮೇಲೆ ಏರಿದ್ದು, ಅಡುಗೆ ಬಿಸಿಯಾಗಿಡುವ ಸ್ಟೀಮ್ ಟೇಬಲ್ ಮೇಲೆ ಕೂತದ್ದು, ಖಾಲಿಯಾದರೆ ಅವತ್ತಿಗೆ ಖಾಲಿ.

ಸರಿಯಾಗಿ ಕೇಳೋದು ಹೇಗೆ ಅಂತ ನಾನು ಕಲಿತದ್ದು ಅದೇ ಜಾಗದಲ್ಲಿ. ಅಕ್ಟೋಬರಿನಲ್ಲಿ ಒಂದು ಬುಧವಾರ ಮಧ್ಯಾಹ್ನ ಎರಡೂವರೆಗೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಒಬ್ಬನೇ ಹೋದೆ. ‘ಇವುಗಳಿಗೆ ಏನೇನು ಹಾಕಿ ಸೀಸನ್ ಮಾಡ್ತೀರಿ?’ ಅಂದೆ ಅಷ್ಟೇ. ಬೇಜಾರು ಎಲ್ಲಿ ಬಂತು, ಅಡುಗೆ ಬಗ್ಗೆ ಕೇಳಿದರೆ ಯಾರಿಗೆ ಬೇಜಾರು? ಮಗಳು ಒಂದೊಂದೇ ಟ್ರೇ ತೋರಿಸುತ್ತ ಹತ್ತು ನಿಮಿಷ ಹೇಳಿದಳು. ಅಲಸಂದೆಗೂ ಅದೇ ಮೂಳೆ. ಬೀನ್ಸಿಗೆ ಬೇಕನ್, ಅದೂ ಹಂದಿ ಮಾಂಸವೇ. ಎಲೆಕೋಸಿಗೆ ಹೊಗೆ ಹಾಕಿದ ಟರ್ಕಿ ಕೋಳಿಯ ಕತ್ತು. ಇದು ನೆನಪಿಡಿ: ಬಹಳ ಕಡೆ ಈಗ ಹಂದಿ ಬಿಟ್ಟು ಟರ್ಕಿಗೆ ಹೋಗಿದ್ದಾರೆ, ‘ನೋ ಪೋರ್ಕ್’ ಅಂತ ಬೋರ್ಡೂ ಇರುತ್ತೆ, ಅದನ್ನ ಸಸ್ಯಾಹಾರ ಅಂತ ಓದಿಕೊಂಡರೆ ನನ್ನ ಕಥೆಯೇ ನಿಮ್ಮದು. ಬೆಂಡೆಕಾಯಿಗೆ ಮೆಕ್ಕೆಜೋಳದ ಹಿಟ್ಟು ಮಾತ್ರ, ಆದರೆ ಕರಿಯೋದು ಮೀನು ಕರಿದ ಎಣ್ಣೆಯಲ್ಲೇ. ಕಾರ್ನ್ ಬ್ರೆಡ್ ಅವರದು ಬೆಣ್ಣೆಯದು, ಮೊಟ್ಟೆ ಇದೆ. ಬೇರೆ ಕಡೆ ಬಾಣಲೆಗೆ ಬೇಕನ್ ಕೊಬ್ಬು ಸವರುತ್ತಾರೆ. ಸಿಹಿಗೆಣಸು ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಅಷ್ಟೇ, ಮೇಲೆ ಮಾರ್ಷ್‌ಮ್ಯಾಲೋ ಉದುರಿಸಿದ್ದರೆ ಮಾತ್ರ ಬೇಡ, ಅದರಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಾಟಿನ್. ಪೀಚ್ ಕಾಬ್ಲರ್ ಅನ್ನೋ ಹಣ್ಣಿನ ಸಿಹಿತಿಂಡಿಯ ಹೊದಿಕೆಗೆ ಬೆಣ್ಣೆಯೋ ಹಂದಿ ಕೊಬ್ಬೋ ಕೇಳಿ. ಬನಾನಾ ಪುಡ್ಡಿಂಗ್‌ನಲ್ಲಿ ಮೊಟ್ಟೆ. ನಾನು ಸಿಹಿಗೆಣಸು, ಮ್ಯಾಕ್ ಅಂಡ್ ಚೀಸ್, ಕಾರ್ನ್ ಬ್ರೆಡ್, ಒಂದು ದೊಡ್ಡ ಗ್ಲಾಸ್ ಸ್ವೀಟ್ ಟೀ ತಗೊಂಡೆ. ಹೊಟ್ಟೆ ಬಿರಿಯುವಷ್ಟಾಯಿತು. ತೀರಾ ಸೊಪ್ಪೇ ಬೇಕು ಅಂದರೆ ಅಟ್ಲಾಂಟಾದಲ್ಲೇ ಪೂರ್ತಿ ವೀಗನ್ (ಹಾಲು, ಮೊಟ್ಟೆ ಕೂಡ ಇಲ್ಲದ) ಸೋಲ್ ಫುಡ್ ಜಾಗಗಳಿವೆ, ಕಪ್ಪು ಜನರೇ ನಡೆಸೋದು. ಅಪ್ಪ-ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಮೂಳೆ ಇಲ್ಲದೆ ಸೊಪ್ಪು ಬೇಯಿಸೋದೇ ಇಲ್ವಾ ಅಂತ ಆವತ್ತು ಬಾಯಿಬಿಟ್ಟು ಕೇಳಿದ್ದೆ. ಒಳಗಿಂದ ಅಜ್ಜಿಯ ದನಿ ಬಂತು: ‘ಅದು ಸೊಪ್ಪಲ್ಲ, ಹುಲ್ಲು.’ ಆಮೇಲೆ ಹೊರಗೆ ಬಂದು ನನ್ನ ಗುರುತು ಹಿಡಿದು, ‘ನಿಮ್ಮಮ್ಮ ಮನೇಲಿ ಮಾಡಿದ್ರಾ?’ ಅಂದರು.

ಮಾಡಿದ್ದರು. ಅಮ್ಮನಿಗೆ ಸಿಟ್ಟು ಇದ್ದದ್ದು ನನ್ನ ಮೇಲೆ, ಸೊಪ್ಪಿನ ಮೇಲಲ್ಲ. ಕೊಲಾರ್ಡ್ ಕಂತೆ ತರಿಸಿ ಅಲಸಂದೆ ಜೊತೆ ಬೇಯಿಸಿ, ಬಸಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ ಎಲ್ಲ ಬೆಂಕಿಯಲ್ಲಿ ಸುಟ್ಟು, ಕಾಯಿ ಹಾಕಿ ರುಬ್ಬಿ. ಸ್ಮೋಕ್ ಅಲಾರಾಂ ಹೊಡೆದುಕೊಂಡಿತ್ತು. ಇದನ್ನೆಲ್ಲ ಕೈಬಾಯಿ ಮಾಡಿ ಹೇಳಿದೆ. ಅಜ್ಜಿ ಬಸಿಯೋದಕ್ಕೆ ತಲೆದೂಗಿದರು, ಕಾಯಿಗೆ ಮುಖ ಸಿಂಡರಿಸಿದರು, ಸುಟ್ಟ ಮೆಣಸಿನಕಾಯಿ ಹತ್ತಿರ ನಿಲ್ಲಿಸಿ ಎರಡು ಸಲ ಕೇಳಿದರು. ಮುಂದಿನ ವಾರ ಒಂದು ಪೊಟ್ಟಣ ಬ್ಯಾಡಗಿ ಕೊಟ್ಟು ಬಂದೆ. ಸೊಪ್ಪಿಗೆ ಸುಟ್ಟು ಹಾಕಿದರಂತೆ, ಬಹಳ ಚೆನ್ನಾಗಿ ಬಂತಂತೆ. ಮೂಳೆ ತೆಗೆಯಲಿಲ್ಲ, ಅದರ ಜೊತೆಗೇ ಹಾಕಿದ್ದು.