"ಅಲ್ಲಿ ನನ್ನನ್ನು ಯಾರೂ ಆಡಿಕೊಳ್ಳಲ್ಲ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು 'ಮ' ಎನ್ನೋಣ. ವಯಸ್ಸು 26. ನನ್ನ ಬಳಿ ಆಪ್ತಸಲಹೆಗೆ ಕರೆತಂದವರು ಅವರ ಅಕ್ಕ. "ಇವನು ಮನೇಲಿ ಮಾತಾಡೋದನ್ನೇ ಬಿಟ್ಟಿದ್ದಾನೆ ಮೇಡಂ, ಬರೀ ಭಾಷಣ ಮಾಡ್ತಾನೆ" ಎಂಬುದು ಅವರ ದೂರು. ಮ ಸೇರಿದ್ದ ಬಳಗಕ್ಕೆ ಒಬ್ಬ ಧರ್ಮಗುರು, ಆ ಗುರು ಮೆಚ್ಚಿದ ಒಬ್ಬ ರಾಜಕೀಯ ನಾಯಕ. ಇಬ್ಬರನ್ನೂ ಪ್ರಶ್ನಿಸುವಂತಿಲ್ಲ. ಯಾವ ಧರ್ಮ, ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೆ ಓದುವವರು ಹುಡುಗನನ್ನು ಬಿಟ್ಟು ಅದನ್ನೇ ಹಿಡಿದುಕೊಂಡು ಕೂರುತ್ತಾರೆ.

ಮ ವಾದಕ್ಕೆ ಸಿದ್ಧವಾಗಿಯೇ ಬಂದಿದ್ದರು. ನಾನು ಅದಕ್ಕೆ ಇಳಿಯಲಿಲ್ಲ. ಅಲ್ಲಿಗೆ ಹೋದ ಮೊದಲ ದಿನ ಏನಾಯ್ತು ಅಂತಷ್ಟೇ ಕೇಳಿದೆ. ಉತ್ತರದಲ್ಲಿ ಸಿದ್ಧಾಂತದ ಸುಳಿವೇ ಇರಲಿಲ್ಲ. "ಒಬ್ಬರು ಹೆಗಲ ಮೇಲೆ ಕೈ ಹಾಕಿ, ಯಾರಾದ್ರೂ ತೊಂದರೆ ಕೊಟ್ರೆ ನಮಗೆ ಹೇಳು ಅಂದ್ರು. ಅಲ್ಲಿ ನನ್ನನ್ನು ಯಾರೂ ಆಡಿಕೊಳ್ಳಲ್ಲ."

ಮ ಅವರಿಗೆ ಚಿಕ್ಕಂದಿನಿಂದ ಉಗ್ಗು. ಶಾಲೆಯಲ್ಲಿ ಹಾಜರಿ ಕೂಗಿದಾಗ ಉತ್ತರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಬೆಂಚಿನಿಂದ "ಪ್‌-ಪ್‌-ಪ್‌" ಅಂತ ಅಣಕ ಶುರು. ಮೇಷ್ಟ್ರೂ ನಗುತ್ತಿದ್ದರಂತೆ. ವರ್ಷಗಟ್ಟಲೆ ಇದೇ ಪಾಡು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಬಳಗದ ಪ್ರಾರ್ಥನೆಯಲ್ಲಿ ಮಾತ್ರ ಅವರು ಉಗ್ಗುತ್ತಿರಲಿಲ್ಲ. ಗುರುವಿನ ಕೃಪೆ ಅಂದುಕೊಂಡಿದ್ದರು. ಹಾಡುವಾಗ, ಹತ್ತು ಜನ ಒಟ್ಟಿಗೆ ಹೇಳುವಾಗ ಉಗ್ಗುವವರಲ್ಲಿ ಹೆಚ್ಚಿನವರ ಮಾತು ಸಲೀಸಾಗಿಬಿಡುತ್ತದೆ. ಇದು ವಾಕ್ ಚಿಕಿತ್ಸಕರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಜೀವಮಾನವಿಡೀ ತಡವರಿಸಿದ ಬಾಯಿಗೆ ಆ ಗಳಿಗೆ ಏನು ಅನ್ನಿಸಿರಬೇಕು ಅಂತ ಯೋಚಿಸಿ. ಅಂಥ ಜಾಗವನ್ನು ಯಾರು ಬಿಟ್ಟುಬರುತ್ತಾರೆ?

ಹೊರಗಿಡುವುದು ಎಷ್ಟು ಬೇಗ ನಾಟುತ್ತದೆ ಎಂಬುದನ್ನು ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಒಂದು ಕಂಪ್ಯೂಟರ್ ಚೆಂಡಾಟದಿಂದ ತೋರಿಸಿದ್ದಾರೆ. ಮುಖವೇ ಕಾಣದ ಆಟಗಾರರು ಕೆಲವೇ ನಿಮಿಷ ಚೆಂಡು ಎಸೆಯದಿದ್ದರೂ ಸಾಕು. ತಾನು ಯಾರಿಗೂ ಬೇಡ, ತನ್ನ ಕೈಯಲ್ಲಿ ಏನೂ ಇಲ್ಲ ಅನ್ನಿಸತೊಡಗುತ್ತದೆ. ಇನ್ನು ವರ್ಷಗಟ್ಟಲೆ ಅನುಭವಿಸಿದವರ ಗತಿ? ಹಾಗಂತ ಕಾಟ ಉಂಡವರೆಲ್ಲ ಸರ್ವಾಧಿಕಾರಿಯ ಹಿಂದೆ ಹೋಗುವುದಿಲ್ಲ. ಅಧಿಕಾರದ ನೆರಳನ್ನೂ ಸಹಿಸದವರಾಗಿ ಬೆಳೆದವರನ್ನು ನಾನೇ ನೋಡಿದ್ದೇನೆ.

ಒಂದು ಸಭೆಯ ವಿಷಯ ಬಂದಾಗ ಮಾತು ಬೇರೆ ದಾರಿ ಹಿಡಿಯಿತು. ವೇದಿಕೆಯಲ್ಲಿ ನಾಯಕರು ಎದುರಾಳಿಯೊಬ್ಬರ ತಡವರಿಕೆಯನ್ನು ಅಣಕಿಸಿದ್ದರು. ಜನ ಬಿದ್ದು ಬಿದ್ದು ನಕ್ಕರು.

"ನೀವು?"

"ನಾನೂ ನಕ್ಕೆ ಮೇಡಂ. ಸದ್ಯ, ಈ ಸಲ ನಾನಲ್ಲವಲ್ಲ ಅನ್ನಿಸ್ತು."

ಹೊಡೆಯುವವನ ಪಕ್ಕ ನಿಂತರೆ ಏಟು ಬೀಳುವುದಿಲ್ಲ ಎಂಬ ಲೆಕ್ಕ ಇದು. ಮನೋವಿಶ್ಲೇಷಕಿ ಆನಾ ಫ್ರಾಯ್ಡ್ 1936ರಲ್ಲೇ ಇದನ್ನು ಮನಸ್ಸಿನ ರಕ್ಷಣಾ ತಂತ್ರಗಳ ಸಾಲಿಗೆ ಸೇರಿಸಿದ್ದರು. ಬಾಬ್ ಆಲ್ಟೆಮೆಯರ್ ಎಂಬ ಸಂಶೋಧಕರು ಹೇಳುವಂತೆ, ಬಲಿಷ್ಠನಿಗೆ ತಲೆಬಾಗುವುದು, ಅವನು ತೋರಿಸಿದವರ ಮೇಲೆ ಎಗರುವುದು, ಕಟ್ಟುಪಾಡಿಗೆ ಅಂಟಿಕೊಳ್ಳುವುದು ಒಟ್ಟೊಟ್ಟಿಗೆ ಬರುತ್ತವೆ. ಮ ವಿಷಯದಲ್ಲಿ ಕಟ್ಟುಪಾಡೇ ಮುಖ್ಯವಾಗಿತ್ತು ಅಂತ ನನ್ನ ಅನಿಸಿಕೆ. ಏನು ಮಾಡಿದರೆ ಬೈಗುಳ, ಏನು ಮಾಡಿದರೆ ಶಹಬ್ಬಾಸ್ ಅಂತ ಅಲ್ಲಿ ಮೊದಲೇ ಗೊತ್ತು. ಶಾಲೆಯಲ್ಲಿ ಯಾವಾಗ ಯಾರು ಎರಗುತ್ತಾರೆ ಅಂತಲೇ ಗೊತ್ತಿರಲಿಲ್ಲ.

ಬಳಗ ಬಿಡಿ ಅಂತ ನಾನು ಹೇಳಲಿಲ್ಲ. ದೇವರ ಮೇಲಿನ ನಂಬಿಕೆಯನ್ನಂತೂ ಮುಟ್ಟಲೇ ಇಲ್ಲ. ಕೆಲಸ ಬಿಡುವುದು, ಉಳಿತಾಯದ ಹಣ ಕೊಡುವುದು ಇಂಥದ್ದನ್ನು ಸದ್ಯಕ್ಕೆ ಮುಂದಕ್ಕೆ ಹಾಕಿ ಅಂದೆ. ವಾಕ್ ಚಿಕಿತ್ಸಕರ ಹತ್ತಿರ, ಉಗ್ಗುವವರದೇ ಒಂದು ಗುಂಪಿಗೆ ಕಳಿಸಿದೆ. ಅಲ್ಲೂ ಒಕ್ಕೊರಲಿನ ಓದು ಇದೆ, ಆದರೆ ಯಾರ ಕಾಲಿಗೂ ಬೀಳಬೇಕಿಲ್ಲ. ಬಳಗದಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ, ಅವರು ಹೇಗೆ ನಡೆದುಕೊಳ್ಳುತ್ತಾರೆ ಗಮನಿಸಿ ಅಂತಲೂ ಹೇಳಿದೆ.

ಅಕ್ಕನಿಗೆ ಹೇಳಿದ್ದು ಬೇರೆ. "ನಿನಗೆ ಬುದ್ಧಿ ಇಲ್ವಾ" ಅಂತ ಮನೆಯಲ್ಲಿ ಗೇಲಿ ಮಾಡಬೇಡಿ. ಮನೆಯವರು ಹಾಗೇ ಅನ್ನುತ್ತಾರೆ ಅಂತ ಬಳಗದವರು ಮೊದಲೇ ಹೇಳಿಕೊಟ್ಟಿರುತ್ತಾರೆ. ಅದರ ಬದಲು ಶಾಲೆಯ ದಿನಗಳನ್ನು ಕೇಳಿ. ಮಾತು ಎಷ್ಟು ನಿಧಾನವಾದರೂ ನಡುವೆ ಬಾಯಿ ಹಾಕಬೇಡಿ.

ಮ ಪ್ರಶ್ನೆ ಕೇಳಿದರು. ಸಂಗ್ರಹಿಸಿದ ಹಣ ಎಲ್ಲಿಗೆ ಹೋಗುತ್ತದೆ ಅಂತ. ಮಾರನೇ ದಿನ ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆದುಹಾಕಿದ್ದರು. "ಥೇಟ್ ಶಾಲೆ ಥರಾನೇ" ಅಂದರು. ಈಗ ಪ್ರಾರ್ಥನೆ ಮನೆಯಲ್ಲೇ. ನಾಯಕರ ಭಾಷಣಗಳನ್ನು ಇನ್ನೂ ಕೇಳುತ್ತಾರೆ. ಅಪ್ಪನ ಜೊತೆ ಜಗಳ ನಿಂತಿಲ್ಲ.