ಮೋಟರ್‌ಹೋಮ್ ಫ್ರಿಜ್: ರಿಪೇರಿಯೋ, ಹೊಸದೋ?

ಗದಗಿನಿಂದ ಅಮೆರಿಕದ ಫೀನಿಕ್ಸ್‌ಗೆ ಬಂದು ಇನ್ನೂ ವರ್ಷ ತುಂಬದ ನೀವು ಹಳೆಯ ಮೋಟರ್‌ಹೋಮ್ (ಮನೆಯಂತೆ ವಾಸಿಸಬಹುದಾದ ಗಾಡಿ) ಒಂದನ್ನು ಕೊಂಡಿದ್ದೀರಿ. ಅದರ ಫ್ರಿಜ್ ಮೇಲಿನ ಖಾನೆಯಲ್ಲಿ ಅಷ್ಟಿಷ್ಟು ತಂಪು ಕೊಟ್ಟರೂ ಕೆಳಗೆ ಇಟ್ಟ ಹಾಲು ಒಡೆಯುತ್ತದೆ, ರಿಪೇರಿ ಮಾಡಿಸಬೇಕೋ ಹೊಸದನ್ನೇ ಹಾಕಿಸಬೇಕೋ ಎಂದು ಕೇಳಿದ್ದೀರಿ. ಊರಿನಿಂದ ನಿಮ್ಮ ಕಾಕಾ ಫೋನಿನಲ್ಲಿ "ಗ್ಯಾಸ್ ತುಂಬಸು, ಸರಿ ಹೋಗತೈತಿ" ಎಂದರಂತೆ. ಧಾರವಾಡದ ನಮ್ಮ ಮನೆಯ ಫ್ರಿಜ್ಜಿಗೆ ಅದು ತಕ್ಕ ಸಲಹೆಯೇ. ನಿಮ್ಮ ಗಾಡಿಯಲ್ಲಿರುವುದಕ್ಕೆ ಮಾತ್ರ ಅದು ಸಲ್ಲುವುದಿಲ್ಲ.

ಉರಿಸುವ ಗ್ಯಾಸಿನ (ಪ್ರೊಪೇನ್) ಮೇಲೂ ಕರೆಂಟಿನ ಮೇಲೂ ನಡೆಯುವ ಈ ಅಬ್ಸಾರ್ಪ್ಶನ್ ಫ್ರಿಜ್‌ನಲ್ಲಿ ಮನೆಯ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇರುವುದಿಲ್ಲ. ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, 1922ರಲ್ಲಿ ರೂಪಿಸಿದ ವಿಧಾನವಿದು. ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕೊಳವೆಗಳಲ್ಲಿ ನೀರು, ಅಮೋನಿಯಾ, ಹೈಡ್ರೋಜನ್ ಒತ್ತಡದಲ್ಲಿರುತ್ತವೆ; ಕೆಳಗಿನ ಬಾಯ್ಲರ್ ಕಾದಾಗ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ, ದ್ರವವಾಗಿ, ಒಳಗಿನ ಖಾನೆಯ ಬಳಿ ಮತ್ತೆ ಆವಿಯಾಗುವಾಗ ಅಲ್ಲಿಯ ಶಾಖವನ್ನು ಹೀರಿಕೊಂಡು, ಕೊನೆಗೆ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಈ ಕೊಳವೆಗಳ ಜೋಡಣೆಗೆ ಇಲ್ಲಿ ಕೂಲಿಂಗ್ ಯೂನಿಟ್ ಎನ್ನುತ್ತಾರೆ. ಅದು ಸೋರಿದರೆ ಅಥವಾ ಕಟ್ಟಿಕೊಂಡರೆ ಯಾವ ಮೆಕ್ಯಾನಿಕ್ಕನೂ ಬಂದು ತುಂಬಿಸಿ ಹೋಗಲಾರ, ಇಡೀ ಯೂನಿಟ್ಟನ್ನೇ ಬದಲಿಸಬೇಕು. ಆದ್ದರಿಂದ ದೋಷ ಯೂನಿಟ್ಟಿನ ಒಳಗಿದೆಯೋ ಹೊರಗಿದೆಯೋ ಎಂಬುದು ತಿಳಿಯುವ ತನಕ ಯಾರಿಗೂ ದುಡ್ಡು ಕೊಡಬೇಡಿ.

ಅದನ್ನು ತಿಳಿಯಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೆಳಗಿನ ಖಾನೆಯಲ್ಲಿ ಒಂದು ಲೋಟ ನೀರಿನೊಳಗೆ ಥರ್ಮಾಮೀಟರ್ ಇಟ್ಟು, ಪೂರ್ತಿ ಒಂದು ದಿನ ಕರೆಂಟಿನ ಮೇಲೆ, ಮರುದಿನ ಗ್ಯಾಸಿನ ಮೇಲೆ ಫ್ರಿಜ್ ಓಡಿಸಿ. ಸಂಜೆಯೊಳಗೆ ತಣ್ಣಗಾಗಲಿಲ್ಲವೆಂದು ಅವಸರ ಪಡಬೇಡಿ, ಈ ಫ್ರಿಜ್‌ಗಳ ಸ್ವಭಾವವೇ ನಿಧಾನ. 4 ಡಿಗ್ರಿ ಸೆಲ್ಸಿಯಸ್ಸಿಗೆ ಒಂದರ ಮೇಲೆ ಇಳಿದು ಇನ್ನೊಂದರ ಮೇಲೆ ಇಳಿಯದಿದ್ದರೆ ಯೂನಿಟ್ ಚೆನ್ನಾಗಿದೆ ಎಂದೇ ಅರ್ಥ. ಬಾಯ್ಲರ್ ಕಾಯಿಸುವ ಕರೆಂಟ್ ಹೀಟರ್ ಸುಟ್ಟಿರಬಹುದು ಅಥವಾ ಗ್ಯಾಸ್ ಬರ್ನರ್‌ನಲ್ಲಿ ಮಸಿ ಕಟ್ಟಿರಬಹುದು, ಇವೆರಡೂ ಅಗ್ಗದ ಕೆಲಸಗಳು. 120 ವೋಲ್ಟಿನ 300 ವಾಟ್ ಹೀಟರ್ ಆದರೆ ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಸುಮಾರು 48 ಓಮ್ ತೋರಿಸಬೇಕು. ಎರಡರ ಮೇಲೂ ಒಂದೇ ತೆರನಾಗಿ ಸೋತರೆ, ಹಿಂಬದಿಯ ಗಾಳಿದಾರಿಯಲ್ಲಿ ಹಕ್ಕಿಗೂಡು ಕಸ ಸೇರಿಲ್ಲ, ಬಾಗಿಲಿನ ರಬ್ಬರ್ ಸಡಿಲಾಗಿಲ್ಲ ಎಂದು ನೋಡಿಕೊಂಡ ಮೇಲೆ, ಅನುಮಾನ ಯೂನಿಟ್ಟಿನ ಮೇಲೆಯೇ ಬರುತ್ತದೆ.

ಗಾಡಿಯ ಹೊರಮೈಯಲ್ಲಿರುವ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಬಾಯ್ಲರ್ ಸುತ್ತ ಹಳದಿ ಪುಡಿ ಉದುರಿದ್ದರೆ, ಅಥವಾ ಮೂಗಿಗೆ ಅಮೋನಿಯಾದ ಘಾಟು ಬಡಿದರೆ, ಮತ್ತೆ ಪರೀಕ್ಷೆ ಬೇಕಿಲ್ಲ; ಫ್ರಿಜ್ ಬಂದ್ ಮಾಡಿ, ಕಿಟಕಿ ತೆರೆದಿಡಿ. ಕೊಳವೆ ತುಕ್ಕು ಹಿಡಿಯದಂತೆ ಒಳಗೆ ಸೇರಿಸಿದ ಸೋಡಿಯಂ ಕ್ರೋಮೇಟ್ ಸೋರಿ ಒಣಗಿದ ಪುಡಿ ಅದು, ವಿಷಕಾರಿ, ಬರಿಗೈಯಲ್ಲಿ ಮುಟ್ಟಬಾರದು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಫ್ರಿಜ್ ಓಡಿಸುವವರ ಯೂನಿಟ್ ಬೇಗ ಕೆಡುತ್ತದೆ, ಏಕೆಂದರೆ ದ್ರವ ಸರಾಗವಾಗಿ ಹರಿಯದೆ ಬಾಯ್ಲರ್ ಅತಿಯಾಗಿ ಕಾದು, ಇದೇ ಕ್ರೋಮೇಟ್ ಒಳಗೆ ಹರಳುಗಟ್ಟಿ ದಾರಿ ಮುಚ್ಚುತ್ತದೆ.

ಯೂನಿಟ್ ಹೋಗಿದೆ ಎಂದಾದರೆ ಲೆಕ್ಕ ಬೇರೆ. ಹುಬ್ಬಳ್ಳಿಯಲ್ಲಿ ಸಾಮಾನಿನ ಬೆಲೆ ನೋಡಿ ನಿರ್ಧರಿಸುತ್ತೇವೆ, ಕೆಲಸಗಾರನ ಕೂಲಿ ಅಷ್ಟಾಗಿ ಕಾಡುವುದಿಲ್ಲ. ಇಲ್ಲಿ ಫ್ರಿಜ್ ಹೊರಗೆಳೆದು ಮತ್ತೆ ಕೂರಿಸುವ ತಾಸುಗಳ ಕೂಲಿಯೇ ಬಿಲ್ಲನ್ನು ಏರಿಸುತ್ತದೆ. ಆ ಕೂಲಿ ಹೇಗೂ ತೆರಲೇಬೇಕಾದ್ದರಿಂದ, ಹಳೆಯ ಪೆಟ್ಟಿಗೆಗೆ ಹೊಸ ಯೂನಿಟ್ ಹಾಕಿಸುವುದಕ್ಕೂ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಕೂರಿಸುವುದಕ್ಕೂ ಒಟ್ಟು ಖರ್ಚು ಎಷ್ಟು ಎಂದು ಎರಡನ್ನೂ ಬರೆಸಿಕೊಳ್ಳಿ.

ಕಂಪ್ರೆಸರ್ ಫ್ರಿಜ್ ಬೇಗ ತಣಿಯುತ್ತದೆ, ಗಾಡಿ ತುಸು ವಾಲಿದರೂ ತಕರಾರಿಲ್ಲ, ಫೀನಿಕ್ಸ್‌ನ ಬೇಸಿಗೆಯನ್ನೂ ಹೆಚ್ಚು ಚೆನ್ನಾಗಿ ತಡೆಯುತ್ತದೆ. ಆದರೆ 5 ಆಂಪಿಯರ್ ಎಳೆಯುವಂಥದ್ದು ದಿನದ ಅರ್ಧ ಹೊತ್ತು ಓಡಿದರೂ 60 ಆಂಪಿಯರ್-ಅವರ್ ಆಯಿತು, 100 ಆಂಪಿಯರ್-ಅವರ್ ಸಾಮರ್ಥ್ಯದ ಲೆಡ್-ಆಸಿಡ್ ಬ್ಯಾಟರಿಯಿಂದ ಅರ್ಧಕ್ಕಿಂತ, ಎಂದರೆ 50ಕ್ಕಿಂತ, ಹೆಚ್ಚು ತೆಗೆಯಬಾರದು. ಆದ್ದರಿಂದ ಕರೆಂಟ್ ಸಿಗುವ ಕ್ಯಾಂಪ್‌ಗಳಲ್ಲೇ ತಂಗುವವರಾದರೆ ಕಂಪ್ರೆಸರ್ ಫ್ರಿಜ್ ಹಾಕಿಸಿ. ಮರುಭೂಮಿಯಲ್ಲಿ ದಿನಗಟ್ಟಲೆ ಉಳಿಯುವ ಆಸೆಯಿದ್ದು ಸೋಲಾರ್‌ಗೆ ಹಣವಿಲ್ಲದಿದ್ದರೆ ಹೊಸ ಕೂಲಿಂಗ್ ಯೂನಿಟ್ಟೇ ಲೇಸು. ಒಂದೆರಡು ವರ್ಷದಲ್ಲಿ ಗಾಡಿ ಮಾರುವ ಯೋಚನೆಯಿದ್ದರೆ ಎರಡೂ ಬೇಡ. ಅವ್ವ ಕಟ್ಟಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಗೆ ಫ್ರಿಜ್ ಬೇಕಿಲ್ಲ, ಹಾಲು ಮೊಸರಿಗೆ ಒಳ್ಳೆಯ ಐಸ್ ಪೆಟ್ಟಿಗೆ ಸಾಕು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಮಾತ್ರ ಈ ಐಸ್ ಪೆಟ್ಟಿಗೆಯ ಮಾತನ್ನು ಬಿಟ್ಟುಬಿಡಿ.

ಫ್ರಿಜ್ ಕೊಳ್ಳುವ ಮುನ್ನ ಗಾಡಿಯ ಬಾಗಿಲಿನ ಅಗಲ ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಕಿಟಕಿ ಬಿಚ್ಚಿಯೇ ಫ್ರಿಜ್ ಸಾಗಿಸಬೇಕಾಗುತ್ತದೆ. ಕಂಪ್ರೆಸರ್ ಫ್ರಿಜ್ ಹಾಕಿಸುವುದಾದರೆ ಹಳೆಯ ಗ್ಯಾಸ್ ಪೈಪಿನ ಬಾಯಿಯನ್ನು ಬಲ್ಲವರಿಂದಲೇ ಮುಚ್ಚಿಸಿ. ಕೆಲವು ಮಾದರಿಯ ಅಬ್ಸಾರ್ಪ್ಶನ್ ಫ್ರಿಜ್‌ಗಳನ್ನು ಬೆಂಕಿಯ ಅಪಾಯದ ಕಾರಣ ಹಿಂದೆ ತಯಾರಕರೇ ಸರಿಪಡಿಸಲೆಂದು ವಾಪಸ್ ಕರೆದದ್ದುಂಟು (ರಿಕಾಲ್). ಫ್ರಿಜ್‌ನೊಳಗಿನ ಲೇಬಲ್ಲಿನಲ್ಲಿರುವ ಮಾದರಿ ಮತ್ತು ಸೀರಿಯಲ್ ನಂಬರನ್ನು ತಯಾರಕರಿಗೆ ತಿಳಿಸಿ, ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ಕೇಳಿಕೊಳ್ಳಿ.