ಅಪ್ಪನ ಕಥೆ ಅಪ್ಪನಿಗೇ ಗೊತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ನನ್ನ ಜೀವನದಲ್ಲಿ ನಡೆದದ್ದನ್ನೇ ಆರು ಪದಗಳಲ್ಲಿ ಬರೆಯುತ್ತೇನೆ. ‘ಅಪ್ಪ ಕಾಲೇಜಿಗೆ ಬಂದರು. ಯಾರೋ ಗೊತ್ತಿಲ್ಲ ಅಂದೆ.’ ಇದನ್ನು ಕನ್ನಡ ಮೇಡಂ ಕಾಲೇಜಿನ ವಾರ್ಷಿಕ ಸಂಚಿಕೆಗೆ ಆರಿಸಿದ್ದಾರೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅವತ್ತು ಫೀಸ್ ಕೊಡಲು ಭಟ್ಟಿಯಿಂದ ನೇರ ಬಂದಿದ್ದರು, ತಲೆ ತುಂಬ ಬೂದಿ. ನಾನು ಗೆಳತಿಯರಿಗೆ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ನೋಟ್‌ಬುಕ್ ನೋಡಿದ ಅಮ್ಮ ‘ಮನೆ ಮಾನ ಬೀದಿಗೆ ಹಾಕ್ತೀಯಾ’ ಎಂದು ಬೈದರು. ಅಪ್ಪನ ಬದಲು ಚಿಕ್ಕಪ್ಪ ಅಂತ ಬರೆಯಲಾ?

ಉತ್ತರ: ಬೇಡಮ್ಮ. ಪಾಪ, ಚಿಕ್ಕಪ್ಪನನ್ನು ಯಾಕೆ ಎಳೆಯುತ್ತೀಯ? 2006ರಲ್ಲಿ ಅಮೆರಿಕದ ಸ್ಮಿತ್ ಪತ್ರಿಕೆ ‘ನಿಮ್ಮ ಬದುಕನ್ನು ಆರೇ ಪದಗಳಲ್ಲಿ ಹೇಳಿ’ ಎಂದು ಓದುಗರನ್ನು ಕೇಳಿತ್ತು. ಆಮೇಲೆ ನಿನ್ನ ವಯಸ್ಸಿನವರು ಬರೆದದ್ದೇ ಒಂದು ಪುಸ್ತಕವಾಯಿತು. ಇಂಥ ಬರವಣಿಗೆಗೆ ನಿಜ ಬಿಟ್ಟರೆ ಬೇರೆ ಬಂಡವಾಳ ಇಲ್ಲ. ‘ಚಿಕ್ಕಪ್ಪ’ ಅಂದ ಕೂಡಲೇ ನಿನ್ನ ಕಥೆ ಸಪ್ಪೆ. ಸಂಚಿಕೆಯಲ್ಲಿ ನಿನ್ನ ಹೆಸರು ತೆಗೆದರೂ ಅಷ್ಟೇ, ಅವತ್ತು ಗೇಟಿನ ಹತ್ತಿರ ಇದ್ದ ಗೆಳತಿಯರಿಗೆ ಗೊತ್ತಾಗದೇ ಇರುತ್ತಾ?

ಅಮ್ಮನ ಭಯ ಅರ್ಥವಾಗುತ್ತದೆ. ಆದರೆ ಓದಿದವರಿಗೆ ಅಪ್ಪನ ಮೇಲೆ ಪ್ರೀತಿಯೇ ಬರುತ್ತದೆ. ಅಲ್ಲಿ ಮಾನ ಹೋಗಿರುವುದು ನಿನ್ನದು, ಅದನ್ನು ನೀನೇ ಬರೆದಿದ್ದೀಯ. (ಸಂಜೆಯಾದರೆ ಊರಿಗೆ ಊರೇ ಮಂಡಕ್ಕಿ, ಮೆಣಸಿನಕಾಯಿ ಮುಂದೆ ಕೂತಿರುತ್ತದೆ. ಮಂಡಕ್ಕಿ ಹುರಿದವರ ತಲೆಯ ಬೂದಿ ಕಂಡರೆ ಮಾತ್ರ ನಮಗೆ ನಾಚಿಕೆ!)

ನನಗೆ ಚಿಂತೆ ಇರುವುದು ಬೇರೆ. ಸಂಚಿಕೆ ಹೊರಬಂದ ಮೇಲೆ ಭಟ್ಟಿಯಲ್ಲಿ ಯಾರೋ ಜೊತೆಯವರು ‘ನಿನ್ ಮಗಳು ಹಿಂಗ್ ಬರ್ದಾಳಂತೆ’ ಎಂದರೆ? ಬಿಸಿ ಮರಳಿನ ಮುಂದೆ ನಿಂತು, ನಾಲ್ಕು ಜನರ ಎದುರು ಅವರು ಅದನ್ನು ಕೇಳಬೇಕು. ಬರೆಯಲು ಯಾರ ಒಪ್ಪಿಗೆಯೂ ಬೇಡ. ಅಚ್ಚು ಹಾಕಿಸುವ ಮುಂಚೆ ಮಾತ್ರ ಅವರಿಗೆ ನಿನ್ನ ಬಾಯಿಂದಲೇ ಗೊತ್ತಾಗಲಿ.

ಅಮ್ಮನ ಕೈಲಿ ಹೇಳಿಸಬೇಡ. ನೋಟ್‌ಬುಕ್ ಕೊಟ್ಟು ಓಡಿಹೋಗಬೇಡ. ಅಪ್ಪ ಊಟ ಮಾಡಿ, ಸ್ವಲ್ಪ ಮಲಗಿ ಎದ್ದ ಮೇಲೆ ಕೂತು, ‘ಅವತ್ತು ಹಿಂಗೆ ಅಂದ್ಬಿಟ್ಟೆ ಅಪ್ಪ’ ಅನ್ನು. ಬರೆದದ್ದನ್ನು ಆಮೇಲೆ ತೋರಿಸು. ‘ಅಯ್ಯೋ, ಅವತ್ತೇ ಕೇಳಿಸಿತ್ತು ಬಿಡು’ ಎಂದು ಅವರು ನಕ್ಕುಬಿಡಬಹುದು. ಸುಮ್ನೆ ಎದ್ದು ಹೊರಗೆ ಹೋಗಲೂಬಹುದು. ಹೋದರೆ ಹಿಂದೆ ಬೀಳಬೇಡ. ನಕ್ಕರೆ ಅದನ್ನೇ ಒಪ್ಪಿಗೆ ಅಂದುಕೊಳ್ಳಬೇಡ. ‘ಇದನ್ನ ಅಚ್ಚು ಹಾಕಿಸಲಾ?’ ಎಂದು ಬೇರೆಯಾಗಿ ಕೇಳು.

ಬೇಡ ಎಂದರೆ ಮೇಡಂಗೆ ಇನ್ನೊಂದು ಕಥೆ ಕೊಡು, ನಿನ್ನ ಹತ್ತಿರ ಬೇಕಾದಷ್ಟಿವೆ. ಕಾರಣ ಹೇಳಬೇಕಾಗಿಲ್ಲ, ‘ಮನೆಯಲ್ಲಿ ಬೇಡ ಅಂದರು’ ಅಂದರೆ ಸಾಕು. ಆದರೆ ಈ ವಾರವೇ ಅಪ್ಪನ ಜೊತೆ ಮಾತಾಡು. ಪುಟ ಪ್ರೆಸ್ಸಿಗೆ ಹೋದ ಮೇಲೆ ತೆಗೆಯುವುದು ಮೇಡಂಗೂ ಕಷ್ಟ.